ತುಳಸಿಗೆ ಮುಖ ಮಾಡಿ ನಿಂತ ಕಾರು

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಮೂಸದೆ ಒಳಗೆ ಬಿಡುತ್ತಿರಲಿಲ್ಲ. ಹಾಲು ಬಂದರೆ ಅಜ್ಜಿ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ನಿಲ್ಲುತ್ತದೋ ಜಾರುತ್ತದೋ ನೋಡುವಳು. ಮೀನಿನ ಹೆಂಗಸು ಬುಟ್ಟಿ ಇಳಿಸುವಷ್ಟರಲ್ಲಿ ಅಮ್ಮನ ಕೈ ಬಂಗುಡೆಯ ಕಿವಿರನ್ನು ಎತ್ತಿ ಆಗಿರುತ್ತಿತ್ತು. ಗಾಣದ ತೆಂಗಿನೆಣ್ಣೆಯನ್ನು ಅಂಗೈಗೆ ಹಾಕಿ ತಿಕ್ಕಿ, ಮೂಸಿ, ಗಾಣದವನ ಮುಖವನ್ನೂ ಒಮ್ಮೆ ನೋಡಿ ಆಮೇಲೆ ಪಾತ್ರೆ ಕೊಡುವುದು. ಮೋಸ ಹೋದವರ ಮನೆ ಏನೂ ಅಲ್ಲ ನಮ್ಮದು. ಮೋಸ ಹೋಗಬಾರದು ಎನ್ನುವುದೇ ನಮ್ಮ ಮನೆಯ ದೊಡ್ಡ ಕೆಲಸವಾಗಿತ್ತು. ಈಗ ಬ್ರಹ್ಮಾವರದ ನನ್ನ ಅಡುಗೆಮನೆಯಲ್ಲೂ ಅದೇ ಬುದ್ಧಿ. ಮೊನ್ನೆ ನನ್ನ ಗಂಡ ನಮ್ಮ ಹಳೆಯ ಕಾರಿಗೆಂದು ಆಯಿಲ್ ತಂದರು. ಚಂದದ ಡಬ್ಬಿ, ಮುಚ್ಚಳದ ಸುತ್ತ ಸೀಲು. ಹಳೆಯ ಎಂಜಿನ್‌ಗೆ ಇದು ತೆಳುವಾಯಿತೇನೋ, ಅಂಗಡಿಯವನು ತನ್ನಲ್ಲಿ ಇದ್ದದ್ದನ್ನೇ ದಾಟಿಸಿದನೇನೋ ಎಂದು ನಾನು ಅವರು ಒಳಗೆ ಹೋದದ್ದು ನೋಡಿ ಸೀಲು ಒಡೆದು ಮೂಸಿದೆ. ಬಾಗಿಲಲ್ಲಿ ನಿಂತು ನೋಡಿಬಿಟ್ಟರು.

"ನಿಂಗೆ ದೇವ್ರೊಬ್ಬನ್ ಬಿಟ್ರೆ ಮತ್ಯಾರ್ ಮೇಲೂ ನಂಬ್ಕೆ ಇಲ್ಲೆ ಮಾರಾಯ್ತಿ" ಎಂದು ನಕ್ಕರು.

ದೇವರ ಮೇಲಾದರೂ ಇದೆಯಲ್ಲ, ಅದೇ ದೊಡ್ಡದು ಎಂದುಕೊಂಡೆ. ಆದರೆ ಆ ವಾಸನೆ ಮೂಗಿಗೆ ಹತ್ತಿದ್ದೇ ಗುಲ್ವಾಡಿಯ ಮನೆಯ ಅಂಗಳ ಕಣ್ಣ ಮುಂದೆ ಬಂತು.

ಆ ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುತ್ತದೆ. ಅಜ್ಜಿಯ ನಂತರ ಅದು ಅಮ್ಮನಿಗೆ. ಅಮ್ಮನ ತಮ್ಮನಿಗೂ ಅಲ್ಲಿಯ ಜಗಲಿಯಲ್ಲಿ ಕಾಲು ಚಾಚಿ ಕೂರುವ ಹಕ್ಕು. ಹೊರಗಿನಿಂದ ಬಂದವರು ಅಪ್ಪಯ್ಯ ಒಬ್ಬರೇ. ಊಟಕ್ಕೆ ಮೊದಲ ಎಲೆ ಅವರಿಗೇ ಹಾಕುತ್ತಿದ್ದರು, ಗೌರವಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೂ ಕೂತ ಮಣೆಯಿಂದ ಮಲಗುವ ಕೋಣೆಯವರೆಗೆ ಎಲ್ಲವೂ ಹೆಂಡತಿಯ ಮನೆಯದು. ಅವರದು ಎಂದು ಹೇಳಿಕೊಳ್ಳಲು ಇದ್ದದ್ದು ಬಿಳಿ ಅಂಬಾಸಿಡರ್ ಕಾರು. ಯಾರೋ ಓಡಿಸಿ ಸಾಕಾದ ಮೇಲೆ ಕೊಂಡದ್ದು. ಮದುವೆಯ ಮದುಮಗಳನ್ನು, ಕೊಲ್ಲೂರಿಗೆ ಹರಕೆಯವರನ್ನು, ಆಸ್ಪತ್ರೆಗೆ ಬಸುರಿಯರನ್ನು ಒಯ್ಯುತ್ತಿತ್ತು. ಬೆಳಿಗ್ಗೆ ಅಪ್ಪಯ್ಯ ಮಿಂದು, ಹಣೆಗೆ ಗಂಧವಿಟ್ಟು, ಕಾರಿನೊಳಗಿನ ದೇವರ ಪಟಕ್ಕೆ ಊದುಬತ್ತಿ ತೋರಿಸಿ, ಆಮೇಲೆ ಬಾನೆಟ್ ಎತ್ತುತ್ತಿದ್ದರು. ಎಂಜಿನ್ನಿನ ಪಕ್ಕದಿಂದ ಆಯಿಲ್ ಅಳೆಯುವ ಉದ್ದ ಕಡ್ಡಿ ಎಳೆದು ನನ್ನ ಕಡೆ ಚಾಚುವರು. ಹಳೆಯ ಲುಂಗಿಯ ತುಂಡಿನಲ್ಲಿ ಅದನ್ನು ಒರೆಸಿ ಕೊಡುವುದು ನನ್ನ ಕೆಲಸ. ಮತ್ತೆ ಅದ್ದಿ ತೆಗೆದರೆ ಕಡ್ಡಿಯ ಎರಡು ಗೆರೆಗಳ ನಡುವೆ ಆಯಿಲ್ ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಆ ಕಡ್ಡಿಯನ್ನು ಅವರು ಮತ್ತು ನಾನು ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಬೊಂಬಾಯಿಯಿಂದ ಮಾವ ಬಂದರು. ಅಮ್ಮನ ಒಬ್ಬನೇ ತಮ್ಮ. ಅಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವರು ಟ್ರಂಕು ಹಿಡಿದುಕೊಂಡು ಬಂದು, ಇನ್ನು ಹೋಗುವುದಿಲ್ಲ ಎಂದರು. ಯಾಕೆ ಎಂದು ಕೇಳಿದರೆ "ಸಾಕಾಯ್ತ್" ಎಂದಷ್ಟೇ ಉತ್ತರ. ಅಜ್ಜಿಗೆ ಮಗ ಬಂದ ಸಂತೋಷದಲ್ಲಿ ಆ ಉತ್ತರವೇ ಸಾಕಾಯಿತು. ಅಪ್ಪಯ್ಯನಿಗೆ ಸಾಲಲಿಲ್ಲ. ಬೊಂಬಾಯಿ ಬಿಟ್ಟು ಸುಮ್ಮನೆ ಬರುವವರು ಯಾರು ಎಂದು ಅಮ್ಮನ ಹತ್ತಿರ ಗೊಣಗಿದರು. ಮಾವನೋ ಬಂದ ಮರುದಿನವೇ ಬಾನೆಟ್ ಎತ್ತಿ, ಆಯಿಲ್ ಮುಚ್ಚಳ ತಿರುಗಿಸಿ, ಬೆರಳು ಅದ್ದಿ ನೋಡಿಬಿಟ್ಟರು.

"ಭಾವ, ಇದೆಂತ ಆಯಿಲಾ, ಜೋನಿಬೆಲ್ಲವಾ? ಬೆಳಿಗ್ಗೆ ಗಾಡಿ ಎದ್ದ್ ಕೂಕಂಬುಕೇ ಹೊತ್ತ್ ಬೇಕಲ್ದಾ ಇದ್ರಂಗೆ."

"ಹಳೇ ಗಾಡಿಗೆ ದಪ್ಪದ್ದೇ ಆಯ್ಕ್. ಸವ್ದ್ ಹೋದ್ ಎಂಜಿನ್. ತೆಳುದ್ ಹಾಕ್ರೆ ನಿಲ್ತಿಲ್ಲೆ."

"ತೆಳುದಲ್ಲ ಮಾರಾಯ್ರೆ. ತಣ್ಣಗಿಪ್ಪತ್ತಿಗೆ ಬೇಗ ಹರಿತ್ತ್, ಬಿಸಿ ಆರ್ ಮೇಲೂ ನೀರ್ ಆತಿಲ್ಲೆ. ಬೊಂಬಾಯಂಗೆ ನಮ್ಮ್ ಟ್ಯಾಕ್ಸಿಗೆಲ್ಲ ಅದೇ. ಸೀಲ್ ಡಬ್ಬಿ, ಕಲಬೆರ್ಕಿ ಇಲ್ಲೆ."

"ಸೀಲ್ ಹಾಕ್ದವ್ನೂ ಮನ್ಸನೇ ಅಲ್ದಾ?"

ಜಗಲಿಯಲ್ಲಿ ವೀಳ್ಯ ಮಡಿಸುತ್ತಿದ್ದ ಅಜ್ಜಿ ಮಗನ ಪರ ವಹಿಸಿದಳು. ಆಯುಧಪೂಜೆಗೆ ಗಾಡಿಯವರೆಲ್ಲ ಆಯಿಲ್ ಬದಲಿಸುವುದು ವಾಡಿಕೆ. ಅಪ್ಪಯ್ಯ ಹಾಕುತ್ತಿದ್ದ ಬಸ್ರೂರಿನ ಅಂಗಡಿಯ ಬಿಡಿ ದಪ್ಪ ಆಯಿಲ್ ಬದಲು ಮಾವ ಹೇಳಿದ ಸೀಲ್ ಡಬ್ಬಿ ಬಂತು. ಅಪ್ಪಯ್ಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ತಳಕ್ಕೆ ಉಗುರಿನಿಂದ ಕೆರೆದು, ಕೊನೆಗೆ ಬೇರೆ ದಾರಿಯಿಲ್ಲದೆ ಹೊಯ್ದರು. ಕಾರು ಬೆಳಿಗ್ಗೆ ಒಂದೇ ಎಳೆತಕ್ಕೆ ಹೊರಟಿತು. ಆ ಸಂತೋಷವನ್ನು ಅವರು ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕೊಯ್ಲು ಬಂತು. ಕಾರು ನಮ್ಮ ಮನೆಗೆ ಬಂದ ಮೇಲಿನ ಮೊದಲ ಕೊಯ್ಲು ಅದು. ಅಲ್ಲಿಯವರೆಗೆ ಕಾರು ದನದ ಹಟ್ಟಿಯ ಪಕ್ಕದ ಮಾಡಿನ ಅಡಿಯಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲುತ್ತಿತ್ತು. ಆ ಮಾಡು ಬೈಹುಲ್ಲಿಗೆ ಬೇಕಾಯಿತು. ಕಾರು ಅಂಗಳಕ್ಕೆ ಬಂತು. ಅಪ್ಪಯ್ಯ ಬೆಳಿಗ್ಗೆ ಹೊರಡಲು ಸುಲಭವಾಗಲೆಂದು ಅದರ ಮುಖವನ್ನು ಗೇಟಿನ ಕಡೆ ಮಾಡಿ ನಿಲ್ಲಿಸಿದ್ದರು. ಅಜ್ಜಿ ಸಂಜೆಯ ದೀಪ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು.

"ತುಳ್ಸಿಗೆ ಕುಂಡಿ ಹಾಕಿ ನಿಲ್ಸುದಾ? ಅದೂ ಲಕ್ಷ್ಮಿಯೇ ಅಲ್ದಾ? ಮುಖ ಮಾಡಿ ನಿಲ್ಸಿ."

ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ದುಡಿದು ತರುವ ವಸ್ತು ತುಳಸಿಗೆ ಮುಖ ಮಾಡಿ ನಿಲ್ಲುವುದು ನ್ಯಾಯವೇ. ಅಂದಿನಿಂದ ಕಾರು ತುಳಸಿಕಟ್ಟೆಗೆ ನಮಸ್ಕಾರ ಮಾಡುವವನ ಹಾಗೆ ಅಂಗಳದಲ್ಲಿ ನಿಲ್ಲತೊಡಗಿತು. ಆ ವಾರದಲ್ಲೇ ಒಂದು ಬೆಳಿಗ್ಗೆ ಅಪ್ಪಯ್ಯ ಕಡ್ಡಿ ಎಳೆದು, ನನ್ನಿಂದ ಒರೆಸಿಸಿ, ಮತ್ತೆ ಅದ್ದಿ, ನನ್ನ ಮುಖದ ಮುಂದೆ ಹಿಡಿದರು.

"ಕಾಣ್ ಹೆಣೆ. ಗೆರಿ ಎಲ್ಲಿತ್ತ್, ಆಯಿಲ್ ಎಲ್ಲಿತ್ತ್?"

ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಅವರು ಡಬ್ಬಿ ತಂದು ಗೆರೆ ಮುಟ್ಟುವವರೆಗೆ ಹೊಯ್ದರು. ಎರಡು ಬಾಡಿಗೆ ಮುಗಿಸಿ ಬಂದ ಮೇಲೆ ಮರುದಿನ ನೋಡಿದರೆ ಮತ್ತೆ ಕಡಿಮೆ. ಮತ್ತೆ ಹೊಯ್ದರು. ಮೊದಲು ಸೋರುತ್ತಿದೆ ಎಂದುಕೊಂಡರು. ಅಜ್ಜಿ ತನ್ನ ಹಳೆಯ ಬಿಳಿ ಸೀರೆಯ ತುಂಡನ್ನು ಕೊಟ್ಟಳು. ಸಂಜೆ ಕಾರಿನ ಅಡಿಗೆ ಹಾಸಿ ಬೆಳಿಗ್ಗೆ ಎಳೆದು ನೋಡಿದರೆ ಒಂದು ಹನಿಯೂ ಇಲ್ಲ, ಬಟ್ಟೆ ಮಡಿಯಂತೆ ಇತ್ತು. ನಮ್ಮಂಥ ಮನೆಯಲ್ಲಿ ಸೋರಿಲ್ಲ ಎಂದಾದರೆ ಇನ್ನು ಉಳಿಯುವುದು ಒಂದೇ ಮಾತು, ಯಾರೋ ತೆಗೆಯುತ್ತಿದ್ದಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಂಜಿ ಬಡಿಸುವಾಗ ಅಮ್ಮನ ಸೌಟು ಪಾತ್ರೆಗೆ ಸ್ವಲ್ಪ ಜೋರಾಗಿ ತಾಗತೊಡಗಿತು, ಅಷ್ಟೆ.

ಕಾರಿನ ಹತ್ತಿರ ಹೋಗುತ್ತಿದ್ದವರು ಮಾವ. ಬೆಳಗಾಗುವುದರೊಳಗೆ ಎದ್ದು ಬಾವಿಯ ನೀರು ಸೇದಿ ಅದನ್ನು ತೊಳೆಯುತ್ತಿದ್ದರು, ಹಾಡು ಗುನುಗುತ್ತ. ಅವರಿಗೆ ಹೊಳೆಬದಿಯ ಗಣಪಣ್ಣ ಬಾಲ್ಯದ ಗೆಳೆಯ. ಗಣಪಣ್ಣನಿಗೆ ದೋಣಿ ಇತ್ತು. ದೋಣಿಯ ಹಲಗೆಗೆ ಹುಳ ಹಿಡಿಯದಿರಲೆಂದು ಕಾರಿನಿಂದ ಇಳಿಸಿದ ಕಪ್ಪು ಹಳೆ ಆಯಿಲನ್ನು ಬಳಿಯುವುದು ನಮ್ಮ ಕಡೆ ರೂಢಿ. ಆಯುಧಪೂಜೆಗೆ ಇಳಿಸಿದ್ದನ್ನು ಮಾವನೇ ಅವನಿಗೆ ಕೊಟ್ಟಿದ್ದರು. ಒಂದು ದಿನ ಗಣಪಣ್ಣ ಮತ್ತೆ ಕ್ಯಾನು ಹಿಡಿದು ಗೇಟಿನ ಹತ್ತಿರ ನಿಂತು ಮಾವನ ಜೊತೆ ನಗುತ್ತಿದ್ದದ್ದನ್ನು ಅಪ್ಪಯ್ಯ ಕಂಡರು. ಕ್ಯಾನು ಖಾಲಿಯೋ ತುಂಬಿದೆಯೋ ಅಲ್ಲಿಂದ ಕಾಣುವಂತಿರಲಿಲ್ಲ. ತುಂಬಿದೆ ಎಂದೇ ಅವರಿಗೆ ಕಂಡಿತು. ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮಾತಾಯಿತು.

"ನಿನ್ನ್ ತಮ್ಮನಿಗೆ ಹೇಳ್, ಗಾಡಿ ಹತ್ರ ಹೋಪುದ್ ಬ್ಯಾಡ."

"ನೀವೇ ಹೇಳಿ. ನಾ ಹೇಳುದಿಲ್ಲೆ. ಅವ್ನ್ ಹುಟ್ಟಿದ್ ಮನಿ ಇದ್."

"ಮನಿ ಅವ್ನದ್ದೇ ಆಯ್ಲಿ. ಗಾಡಿ ನಂದ್."

ಅಮ್ಮ ಬಗ್ಗಿ ಒಲೆ ಊದಿದಳು. ಉರಿಯುತ್ತಿದ್ದ ಒಲೆಯನ್ನು ಯಾಕೆ ಊದುತ್ತಾಳೆ ಎಂದು ಆಗ ನನಗೆ ಅರ್ಥವಾಗಲಿಲ್ಲ. ಗಂಡ ಒಂದು ಕಡೆ, ತಮ್ಮ ಒಂದು ಕಡೆ. ತಮ್ಮ ಹೊರಗೆ ಹೋದರೆ ಅವಳಿಗೆ ತಾಯಿಯ ಮನೆ ಎನ್ನುವುದೇ ಮುಕ್ಕಾಗುತ್ತದೆ. ಗಂಡನ ಮಾತು ಮುರಿದರೆ ಅವರು ಆ ಮನೆಯಲ್ಲಿ ಇನ್ನಷ್ಟು ಹೊರಗಿನವರಾಗುತ್ತಾರೆ. ದೇವರು ಅವಳ ಬಾಯಿಗೆ ಅಷ್ಟು ತಾಳ್ಮೆ ಕೊಟ್ಟಿದ್ದ, ಅದನ್ನು ಇಂದಿಗೂ ನೆನೆಯುತ್ತೇನೆ.

ಅಪ್ಪಯ್ಯ ಸೀಲ್ ಡಬ್ಬಿಯ ಆಯಿಲನ್ನು ಪೂರ್ತಿ ಇಳಿಸಿ ಮತ್ತೆ ತಮ್ಮ ದಪ್ಪ ಆಯಿಲಿಗೇ ಬಂದರು. ತೆಳುವಾಗಿ ಹಾರಿಹೋಗುತ್ತಿದ್ದರೆ ಇದಾದರೂ ನಿಲ್ಲಬೇಕಲ್ಲ. ಅಂಗಳದಲ್ಲೇ ಅಳೆದು ಗೆರೆಗೆ ಸರಿಯಾಗಿ ಹೊಯ್ದರು. ಅದೂ ನಿಲ್ಲಲಿಲ್ಲ. ಹೊಯ್ದಷ್ಟೂ ಬೇಕು ಎನ್ನುತ್ತಿತ್ತು. ಅದರ ಮೇಲೆ ಈಗ ಕಾರಿನ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ತ್ರಾಸಿಯ ಒಂದು ಮದುವೆಗೆ ಹೋದಾಗ ಮದುಮಗಳ ಸೋದರತ್ತೆ ಮೂಗಿಗೆ ಸೆರಗು ಹಿಡಿದು, "ಹ್ವಾಯ್, ಇದ್ ದಿಬ್ಬಣದ ಕಾರಾ, ಗೇರ್‌ಬೀಜ ಹುರಿಯು ಒಲಿಯಾ?" ಎಂದಳಂತೆ. ಅಪ್ಪಯ್ಯ ಅಲ್ಲಿ ಊಟ ಮಾಡದೆ ಬಂದರು. ದಾರಿಯಲ್ಲಿ ಕಾರು ನಿಂತು ಮದುಮಗಳು ಬಿಸಿಲಲ್ಲಿ ನಿಲ್ಲುವಂತಾಗಲಿಲ್ಲ, ಅದು ದೇವರ ದಯೆ ಎಂದು ಅಮ್ಮ ಹೇಳಿದ್ದೂ ಅವರಿಗೆ ಚುಚ್ಚಿತು.

ಮರುದಿನ ಮಾವ ಮೆಲ್ಲನೆ ಬಾನೆಟ್ ಹತ್ತಿರ ಬಂದರು.

"ಭಾವ, ಆ ಕಡ್ಡಿ ಒಂದ್ ಸಲ ನನ್ ಕೈಯಂಗೆ ಕೊಡಿ. ನಾ ಕಾಂತೆ."

"ಬ್ಯಾಡ. ನೀ ಕಂಡದ್ದ್ ಸಾಕ್."

ಎಷ್ಟೋ ವರ್ಷ ಟ್ಯಾಕ್ಸಿ ಓಡಿಸಿದ ಮನುಷ್ಯ. ಆ ಕಡ್ಡಿ ಅವರ ಕೈಗೆ ಒಮ್ಮೆ ಸಿಕ್ಕಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಆದರೆ ಯಾರ ಮೇಲೆ ಅನುಮಾನವೋ ಅವರ ಕೈಗೇ ಯಾರಾದರೂ ಕಡ್ಡಿ ಕೊಡುತ್ತಾರೆಯೇ? ಅದಕ್ಕೆ ಬದಲಾಗಿ ಅಪ್ಪಯ್ಯ ಊಟದ ಹೊತ್ತಿಗೆ, ಎಲ್ಲರೂ ಎಲೆಯ ಮುಂದೆ ಕೂತಿದ್ದಾಗ, ಅಜ್ಜಿಯ ಕಡೆ ತಿರುಗಿ ಹೇಳಿದರು.

"ತಪ್ಪಿಲ್ಲೆ ಅಂದ್ರೆ ದೈವದ ಎದ್ರ್ ಬಂದ್ ಹೂ ಮುಟ್ಟಿ ಒಂದ್ ಮಾತ್ ಹೇಳ್ಲಿ. ನಾ ಬಾಯಿ ಮುಚ್ಕಂತೆ."

ಮನೆಯ ಹಿಂದಿನ ಮರದಡಿಯಲ್ಲಿ ನಮ್ಮ ದೈವದ ಕಲ್ಲು. ಅದರ ಮುಂದೆ ಸುಳ್ಳಾಡಿದವರ ಸಂತಾನ ಉಳಿಯುವುದಿಲ್ಲ ಎಂದು ನಾವೆಲ್ಲ ನಂಬಿದವರು. ನಾನಂತೂ ಈಗಲೂ ನಂಬುತ್ತೇನೆ. ಅಜ್ಜಿ ಕೈಯ ತುತ್ತನ್ನು ಎಲೆಗೆ ಇಳಿಸಿದಳು.

"ಎರಡ್ ಚೊಂಬ್ ಆಯಿಲಿಗೆ ದೈವನ ಎಬ್ಸುದಾ? ಎದ್ದದ್ದ್ ಯಾರನ್ ಹುಡ್ಕತ್ತ್ ಅಂದೇಳಿ ನಿಮ್ಗೆ ಗೊತ್ತಿತ್ತಾ?"

ಮಾವ ಮಾತ್ರ ಸಿಟ್ಟಾಗಲಿಲ್ಲ. ಎಲೆಯಲ್ಲಿ ಅನ್ನಕ್ಕೆ ಸಾರು ಬಿದ್ದಿತ್ತು, ಇನ್ನೂ ಕಲಸಿರಲಿಲ್ಲ. ತಾಯಿಯ ಕಡೆ ತಿರುಗಿದರು.

"ಹೂ ಮುಟ್ಟುದ್ ದೊಡ್ಡದಲ್ಲ ಅಮ್ಮ. ಮುಟ್ಟಿದ್ ಮೇಲೂ ನಾಳೆ ಬೆಳಿಗ್ಗೆ ಭಾವ ಕಡ್ಡಿ ತೆಗಿತ್ರಲ್ದಾ? ಆಗ ಎಂತ ಮಾಡುದ್?"

ಹಾಗೆಂದು ಎದ್ದು ಕೈ ತೊಳೆದರು. ಅಮ್ಮ ಬಾಗಿಲವರೆಗೆ ಓಡಿ "ಉಂಡ್ಕಂಡಾರೂ ಹೋಗಾ" ಎಂದಳು. ಅಷ್ಟರಲ್ಲಿ ಟ್ರಂಕು ಹೊತ್ತು ಮಾವ ಬಸ್ಸಿನ ದಾರಿ ಹಿಡಿದಿದ್ದರು. ಬೈಂದೂರಿನಲ್ಲಿ ಬೊಂಬಾಯಿಯ ಗೆಳೆಯನ ಹೋಟೆಲು ಇತ್ತು, ಅಲ್ಲಿ ಕೆಲಸಕ್ಕೆ ನಿಂತರೆಂದು ಆಮೇಲೆ ತಿಳಿಯಿತು. ಅವರ ಎಲೆಯನ್ನು ತೆಗೆಯಲು ಅಜ್ಜಿ ಯಾರನ್ನೂ ಬಿಡಲಿಲ್ಲ. ತಾನೇ ಮಡಿಸಿ ದನಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಲುಂಗಿಯ ತುಂಡು ಹಿಡಿದು ನಿಂತೆ. ಅಪ್ಪಯ್ಯ ಕಡ್ಡಿ ಎಳೆದರು. ಆಯಿಲ್ ಕಡಿಮೆಯೇ ಇತ್ತು. ಡಬ್ಬಿ ತಂದು ಹೊಯ್ದರು. ಅದರ ಮರುದಿನವೂ ಹಾಗೇ. ಈಗ ಅನುಮಾನ ಪಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಗಣಪಣ್ಣನನ್ನು ಬೈದರು, ಅಂಗಡಿಯ ಅಳತೆಯನ್ನು ಬೈದರು. ಗೇಟಿಗೆ ಸರಪಳಿ ಹಾಕಿದರು. ಒಂದು ದಿನ ಅಮ್ಮ ಬಾಗಿಲ ತಿರುಗಣೆಗೆ ಹಾಕಿದ್ದು ತೆಂಗಿನೆಣ್ಣೆಯೋ ಕಾರಿನ ಆಯಿಲೋ ಎಂದು ಅದನ್ನೂ ಮೂಸಿದರು. ನಾನು ಒರೆಸುವ ಬಟ್ಟೆಯನ್ನು ಕೂಡ ಒಮ್ಮೆ ಹಿಂಡಿ ನೋಡಿದರು. ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡದ ದಿನಗಳು ಅವು.

ತುಳಸಿಪೂಜೆ ಬಂತು. ಪೂಜೆಗೆ ಜಾಗ ಬೇಕೆಂದು ಸಂಜೆ ಕಾರನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಅಮ್ಮ ನೆಲ ಸಾರಿಸಿ, ರಂಗೋಲಿ ಹಾಕಿ, ಕಾರು ನಿಲ್ಲುತ್ತಿದ್ದ ಜಾಗದಲ್ಲೆಲ್ಲ ಹಣತೆ ಸಾಲಿಟ್ಟು, ಬತ್ತಿಗಳನ್ನು ತುಳಸಿಯ ಕಡೆಗೆ ಮುಖ ಮಾಡಿ ಹಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ಒಂದೊಂದೇ ಕರಕಲಾಗಿ ಆರತೊಡಗಿದವು. ಎಣ್ಣೆ ಕಲಬೆರಕೆ ಎಂದು ಅಜ್ಜಿ ಗಾಣದವನನ್ನು ಶಪಿಸಿದಳು. ಅಮ್ಮ ಬಗ್ಗಿ ಒಂದು ಹಣತೆಯ ಒಳಗೆ ನೋಡಿದಳು. ಎಣ್ಣೆ ಬೇಕಾದಷ್ಟಿತ್ತು. ಎಲ್ಲ ಗೇಟಿನ ಬದಿಗೆ ಇಳಿದು ನಿಂತಿತ್ತು, ತುಳಸಿಯ ಬದಿ ಬರಿದು. ಮಳೆನೀರು ಹರಿದು ಹೋಗಲೆಂದು ಅಂಗಳವನ್ನು ತುಳಸಿಕಟ್ಟೆಯಿಂದ ಗೇಟಿನ ಕಡೆಗೆ ಇಳಿಜಾರು ಮಾಡಿಯೇ ಕಟ್ಟುವುದು. ಹಣತೆಯ ಅಡಿಗೆ ಕೊಡಲು ಹೆಂಚಿನ ಚೂರು ಹುಡುಕುತ್ತಿದ್ದ ಅಮ್ಮ ಅಲ್ಲೇ ಕೂತುಬಿಟ್ಟಳು.

"ಹ್ವಾಯ್, ಕಾರಿನೊಳಗೆ ಆಯಿಲ್ ನಿಲ್ಲುದ್ ಎಲ್ಲಿ?"

"ಅಡಿಗೆ ಒಂದ್ ತಟ್ಟಿ ಇತ್ತ್. ಈಗೆಂತಕ್ಕೆ ಅದ್?"

"ಕಡ್ಡಿ ಹಾಕುದ್ ತಟ್ಟಿಯ ಎದ್ರ್ ಬದಿಗಾ, ಹಿಂದಿನ್ ಬದಿಗಾ?"

"ಎದ್ರ್ ಬದಿಗೆ."

"ಇಲ್ ಕಾಣಿ" ಎಂದು ಅಮ್ಮ ಹಣತೆಯನ್ನು ತೋರಿಸಿದಳು.

ಅಪ್ಪಯ್ಯ ಹಣತೆಯನ್ನು ನೋಡಿದರು. ಅಂಗಳವನ್ನು ನೋಡಿದರು. "ಪೂಜೆ ಮುಗೀಲಿ" ಎಂದಷ್ಟೇ ಹೇಳಿ ಗಂಟೆ ಕೈಗೆತ್ತಿಕೊಂಡರು. ಮೂಗು ಮೇಲಕ್ಕೆತ್ತಿ ನಿಂತ ಕಾರಿನಲ್ಲಿ ಆಯಿಲೆಲ್ಲ ಹಿಂದಕ್ಕೆ ಜಾರಿ, ಕಡ್ಡಿಗೆ ಸಿಗುತ್ತಿರಲಿಲ್ಲ. ಇಲ್ಲ ಎಂದುಕೊಂಡು ಇವರು ಹೊಯ್ದರು. ದಾರಿಗೆ ಬಿದ್ದ ಮೇಲೆ ಹೆಚ್ಚಾದದ್ದನ್ನು ಎಂಜಿನ್ ಸುಟ್ಟು ಹೊಗೆಯಾಗಿ ಉಗುಳಿತು. ಬೆಳಿಗ್ಗೆ ತುಳಸಿಯ ಮುಂದೆ ಅಳೆದರೆ ಮತ್ತೆ ಇಲ್ಲ.

ಮರುದಿನ ಅಪ್ಪಯ್ಯ ಬಾನೆಟ್ ಎತ್ತಲೇ ಇಲ್ಲ. ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಬೈಂದೂರಿಗೆ ಹೊರಟರು. ಹೆದ್ದಾರಿಯುದ್ದಕ್ಕೂ ನಮ್ಮ ಹಿಂದೆ ನೀಲಿ ಹೊಗೆ. ಅಮ್ಮ ಮಡಿಲಲ್ಲಿ ಕಡುಬಿನ ಪಾತ್ರೆ ಇಟ್ಟುಕೊಂಡು, ಎಂಜಿನ್ ಅಲ್ಲಿಯವರೆಗೆ ಎಳೆದರೆ ಸಾಕೆಂದು ದೇವರ ಹೆಸರು ಹೇಳುತ್ತ ಕೂತಿದ್ದಳು. ಎಳೆಯಿತು. ಹೋಟೆಲಿನ ಮುಂದಿನ ಸಮ ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ ಮಾವ ಕೈ ಒರೆಸುತ್ತ ಹೊರಗೆ ಬಂದರು. ಅಪ್ಪಯ್ಯ ಆಯಿಲ್ ತಳಕ್ಕೆ ಇಳಿಯಲೆಂದು ಸ್ವಲ್ಪ ಹೊತ್ತು ಕಾದು, ಬಾನೆಟ್ ಎತ್ತಿ, ಕಡ್ಡಿ ಎಳೆದು ಮಾವನ ಕೈಗೆ ಕೊಟ್ಟರು. ಮಾವ ಒರೆಸಿ, ಅದ್ದಿ, ತೆಗೆದು ನೋಡಿದರು.

"ಭಾವ, ಇದ್ ಎಂಜಿನ್ನಾ, ಬಾವಿಯಾ? ಮೇಲಿನ್ ಗೆರಿ ಮುಳ್ಗಿ ಮತ್ತೂ ಮೇಲೆ ಇತ್ತಲೆ!"

ಅಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಪ್ಪಯ್ಯ ರಸ್ತೆ ನೋಡುತ್ತ ಹೇಳಿದರು.

"ಎಂತ ಆಯಿಲ್ ಹಾಕ್ಕ್, ನೀನೇ ಹೇಳ್."

ತಪ್ಪಾಯಿತು ಎನ್ನುವ ಮಾತು ಅವರ ಬಾಯಿಯಿಂದ ಹೊರಬಂದದ್ದನ್ನು ನಾನು ಕೇಳಿದವಳಲ್ಲ. ಅವರಿಂದ ಆಗುತ್ತಿದ್ದದ್ದು ಅಷ್ಟೇ. ಮಾವನಿಗೂ ಅದು ತಿಳಿಯಿತು.

"ಬೆಳಿಗ್ಗೆ ಬೇಗ ಹರಿಯುದ್, ಬಿಸಿಗೂ ದಪ್ಪ ನಿಲ್ಲುದ್, ಅದೇ ಸೀಲ್ ಡಬ್ಬಿದ್ ಹಾಕಿ. ನಿಮ್ಮ್ ದಪ್ಪದ್ದ್ ಆತಿಲ್ಲೆ ಅಂದೇಳಿ ಅಲ್ಲ. ಯಾವ್ದೇ ಹಾಕಿ ಭಾವ, ಸಮ ಜಾಗದಂಗೆ ಅಳ್ದ್ ಹಾಕಿ. ಗೆರಿ ದಾಟ್ಸ್‌ಬೇಡಿ."

ಅಲ್ಲೇ ಹಳೆಯದನ್ನು ಇಳಿಸಿ ಹೊಸದನ್ನು ಮಾವನ ಕೈಯಿಂದಲೇ ಹೊಯ್ಸಿದರು. ಕಡುಬನ್ನು ಮೂವರೂ ಹೋಟೆಲಿನ ಹಿಂದೆ ಕೂತು ತಿಂದರು, ನಾನೂ ತಿಂದೆ. ಮನೆಗೆ ಬಾ ಎಂದು ಅಮ್ಮ ಕರೆದಳು. "ಬತ್ತೆ ಅಕ್ಕ" ಎಂದರು. ಬಂದರು ಕೂಡ, ಹಬ್ಬಕ್ಕೆ, ಅಜ್ಜಿಗೆ ಹುಷಾರಿಲ್ಲದಾಗ, ಸುಮ್ಮನೆ ಒಂದು ಭಾನುವಾರ. ಆದರೆ ಟ್ರಂಕು ತರಲಿಲ್ಲ. ಉಂಡರು, ಅಜ್ಜಿಯ ಕಾಲು ಒತ್ತಿದರು, ಅಪ್ಪಯ್ಯನ ಜೊತೆ ತಮಾಷೆ ಮಾಡಿದರು. ಸಂಬಂಧ ಮುರಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಇದಕ್ಕಿಂತ ಸಣ್ಣದಕ್ಕೆ ಮುರಿದದ್ದನ್ನು ಕಂಡಿದ್ದೇನೆ, ನಮಗೆ ದೇವರು ಅಷ್ಟು ಉಳಿಸಿಕೊಟ್ಟ.

ಒಂದು ಮಾತ್ರ ಮೊದಲಿನಂತಾಗಲಿಲ್ಲ. ಕಾರಿನಲ್ಲಿ ಏನಾದರೂ ಸದ್ದು ಬಂದರೆ ಅಪ್ಪಯ್ಯನೇ "ಒಂದ್ ಸಲ ಕಾಣ್ ಮಾರಾಯ" ಎನ್ನುತ್ತಿದ್ದರು. ಮಾವ ಏಳುತ್ತಿದ್ದರು, ಕಾರಿನ ಹತ್ತಿರ ಹೋಗುತ್ತಿದ್ದರು. ಬಾನೆಟ್‌ಗೆ ಕೈ ಹಾಕುವ ಮೊದಲು ಮನೆಯ ಕಡೆ ತಿರುಗಿ, ನಗುತ್ತಲೇ ಕೂಗುತ್ತಿದ್ದರು.

"ಹ್ವಾಯ್, ಯಾರಾರೂ ಒಬ್ರ್ ಕಾಂಬುಕೆ ಬನ್ನಿ, ನಾ ಬಾನೆಟ್ ತೆಗಿತೆ."

ಅದು ಕೇಳಿದ್ದೇ ಅಪ್ಪಯ್ಯ ಏನೋ ಕೆಲಸವಿದ್ದವರಂತೆ ಒಳಗೆ ಹೋಗಿಬಿಡುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮನ ಕಡೆಗೋಲು ನಿಲ್ಲುತ್ತಿತ್ತು. ಕಡೆಗೆ ನಾನೇ ಹೋಗುತ್ತಿದ್ದೆ. ಹೇಗೆ ನಿಲ್ಲಬೇಕೆಂದು ಯಾರೂ ಹೇಳಿಕೊಟ್ಟದ್ದಲ್ಲ. ಕಾರಿಗೆ ಬೆನ್ನು ಹಾಕಿ, ರಸ್ತೆ ನೋಡುತ್ತ ನಿಲ್ಲುತ್ತಿದ್ದೆ. ಹಿಂದಿನಿಂದ ಬಾನೆಟ್ ಏಳುವ ಸದ್ದು, ಕಡ್ಡಿ ಜಾರಿ ಬರುವ ಸದ್ದು ಕೇಳುತ್ತಿತ್ತು. ಮಾವ ಅದನ್ನು ಗಮನಿಸಿದರೋ ಇಲ್ಲವೋ ಎಂದು ಬಹಳ ದಿನ ಗೊತ್ತಾಗಲಿಲ್ಲ. ಒಮ್ಮೆ ಕೇಳಿದರು.

"ತಿರ್ಗಿ ಕಾಣ್ ಹೆಣೆ, ಆಯಿಲ್ ಸಮ ಇತ್ತಾ?"

"ನೀವ್ ಹೇಳಿ ಮಾವ, ಸಾಕ್" ಎಂದೆ. ತಿರುಗಲಿಲ್ಲ.